ಅವ್ವನ ರಂಗೋಲಿಯೂ ಆಯ್ಲರನ ಸೇತುವೆಗಳೂ

ಕಳೆದ ಮಳೆಗಾಲದ ಒಂದು ಸಂಜೆ. ಕಚೇರಿ ಮುಗಿಸಿ, ಅರ್ಧ ನೆನೆದು, ಕ್ಯಾಂಪಿನ ನಮ್ಮ ಎರಡು ಕೋಣೆಯ ಮನೆಯ ಮೆಟ್ಟಿಲು ಹತ್ತಿದೆ. ಬಾಗಿಲಲ್ಲೇ ನನ್ನ ಅಕ್ಕನ ಮಗಳು ಕುಳಿತಿದ್ದಳು. ಹಡಪಸರದಿಂದ ಬಸ್ಸು ಹಿಡಿದು ಬಂದವಳು, ಅವ್ವ ಇಟ್ಟ ಚಹಾ ಕೂಡ ಮುಟ್ಟಿರಲಿಲ್ಲ. ಮಡಿಲಲ್ಲಿ ನಾಲ್ಕಾಗಿ ಮಡಚಿದ ಒಂದು ಉತ್ತರಪತ್ರಿಕೆ.

"ಮಾಮಾ, ನಾ ಕಾಲೇಜ ಬಿಡತೀನಿ" ಎಂದಳು.

ಪತ್ರಿಕೆ ಬಿಡಿಸಿ ನೋಡಿದೆ. ಮೂವತ್ತಕ್ಕೆ ಆರು. ವಿಷಯ ಡಿಸ್ಕ್ರೀಟ್ ಮ್ಯಾಥಮೆಟಿಕ್ಸ್. ಅದರಲ್ಲೂ ಗ್ರಾಫ್ ಥಿಯರಿ ಎಂಬ ಭಾಗದಲ್ಲಿ ಅವಳಿಗೆ ದೊರೆತದ್ದು ಪೂರ್ಣ ಸೊನ್ನೆ. ಹಿಂದಿನ ವರ್ಷ ಇದೇ ವಿಷಯದಲ್ಲಿ ಅವಳು ಒಮ್ಮೆ ಬಿದ್ದಿದ್ದಳು. ಈ ಸಲವೂ ಬಿದ್ದರೆ ಒಂದು ವರ್ಷ ಮನೆಯಲ್ಲಿ ಕೂರಬೇಕು. ಭಾವನವರ ನೌಕರಿ ಆ ವರ್ಷದ ಚೈತ್ರದಲ್ಲೇ ಹೋಗಿದ್ದಿತು. ಅಕ್ಕ ಮನೆಯಲ್ಲಿ ರೊಟ್ಟಿ ಬಡಿದು ಮಾರಿ ಶುಲ್ಕ ತುಂಬುತ್ತಿದ್ದಳು. ಇನ್ನೊಂದು ವರ್ಷದ ಶುಲ್ಕವೆಂಬುದು ಆ ಮನೆಯಲ್ಲಿ ಬಾಯಿಬಿಟ್ಟು ಆಡುವ ಮಾತಾಗಿರಲಿಲ್ಲ. ಹುಡುಗಿಗೆ ಇದೆಲ್ಲವೂ ಗೊತ್ತಿದ್ದುದರಿಂದಲೇ ಅವಳು ತನ್ನ ಮನೆಗೆ ಹೋಗದೆ ನಮ್ಮ ಮನೆಗೆ ಬಂದಿದ್ದಳು.

ಓದುಗರು ಕೇಳಬಹುದು, ಗುಮಾಸ್ತನಾದ ನನಗೂ ಗಣಿತಕ್ಕೂ ಏನು ಸಂಬಂಧವೆಂದು. ಏನೂ ಇಲ್ಲ. ನಾನು ಬಿ.ಎ. ಓದಿದವನು; ಇತಿಹಾಸ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ. ನನಗೆ ತಿಳಿದ ಲೆಕ್ಕವೆಂದರೆ ತುಟ್ಟಿಭತ್ಯದ ಲೆಕ್ಕ. ಆದರೂ ಆ ಹುಡುಗಿಗೆ ನೆರವು ಹುಡುಕುತ್ತ ನಾಲ್ಕೈದು ತಿಂಗಳು ಅಲೆದಾಡಿದಾಗ ಕಂಡದ್ದನ್ನೂ ಕಲಿತದ್ದನ್ನೂ ಬರೆದಿಟ್ಟರೆ, ಇದೇ ಪಾಡು ಪಡುತ್ತಿರುವ ನಮ್ಮ ಸಂಘದ ಬೇರೆ ಮನೆಗಳಿಗೆ ಉಪಯೋಗವಾದೀತೆಂದು ಈ ಸಾಹಸಕ್ಕೆ ಕೈಹಾಕಿದ್ದೇನೆ. ಈಗ ಪುಣೆಯ ನಮ್ಮವರ ಮನೆಗಳಲ್ಲಿ ಕಂಪ್ಯೂಟರ್ ಓದುವ ಮಗುವೊಂದು ಇರದ ಮನೆ ಅಪರೂಪ. ಆ ಓದಿನ ಹಾದಿಯಲ್ಲಿ ಈ ವಿಷಯ ಅಡ್ಡಬರದೆ ಇರುವುದಿಲ್ಲ.

ನೆರವನ್ನು ಅವಳು ಹುಡುಕಿರಲಿಲ್ಲವೆಂದಲ್ಲ. ಮೊದಲು ಒಂದು ಖಾಸಗಿ ಕ್ಲಾಸಿಗೆ ಸೇರಿದ್ದಳು. ಅಲ್ಲಿ ಪರೀಕ್ಷೆಗೆ ಬರಬಹುದಾದ ನಲವತ್ತು ಲೆಕ್ಕಗಳನ್ನು ಉತ್ತರ ಸಮೇತ ಬರೆಯಿಸಿ, ಬಾಯಿಪಾಠ ಮಾಡಿರೆಂದು ಹೇಳಿದ್ದರಂತೆ. ಪರೀಕ್ಷೆಗೆ ಬಂದದ್ದು ನಲವತ್ತೊಂದನೆಯದು. ಆಮೇಲೆ ಕೈಯಲ್ಲಿದ್ದ ಫೋನನ್ನು ಕೇಳಿದಳು. ಕೇಳಿದ ಪ್ರಶ್ನೆಗೆಲ್ಲ ಉತ್ತರ ಬರೆಯುವ ಯಂತ್ರಬುದ್ಧಿ ಈಗ ಫೋನಿನಲ್ಲೇ ಇರುತ್ತದಷ್ಟೆ. ಒಂದು ಚೌಕ, ಅದರೊಳಗೆ ಎರಡು ಕರ್ಣರೇಖೆ. ಈ ಚಿತ್ರವನ್ನು ಪೆನ್ಸಿಲ್ ಎತ್ತದೆ, ಒಂದೇ ಗೆರೆಯನ್ನು ಎರಡು ಸಲ ತಿದ್ದದೆ ಬರೆಯಲು ಸಾಧ್ಯವೆ ಎಂಬುದು ಪ್ರಶ್ನೆ. ಸಾಧ್ಯವೆಂದಿತು ಫೋನು, ಯಾವ ಮೂಲೆಯಿಂದ ಯಾವ ಮೂಲೆಗೆ ಹೋಗಬೇಕೆಂದು ಅಚ್ಚುಕಟ್ಟಾಗಿ ಏಳು ಹೆಜ್ಜೆಯ ದಾರಿಯನ್ನೂ ಬರೆದುಕೊಟ್ಟಿತು. ಅವಳು ಹಾಗೆಯೇ ನಕಲು ಮಾಡಿದಳು. ಚಿತ್ರದಲ್ಲಿ ಇರುವುದೇ ಆರು ಗೆರೆ! ಏಳನೆಯ ಹೆಜ್ಜೆ ಎಲ್ಲಿಂದ ಬಂತೆಂದು ಅವಳೂ ಕೇಳಲಿಲ್ಲ, ಫೋನೂ ಹೇಳಲಿಲ್ಲ. ಯಂತ್ರಗಳು ಎಷ್ಟೋ ಲೆಕ್ಕವನ್ನು ಸರಿಯಾಗಿಯೇ ಮಾಡುತ್ತವೆಂದು ಬಲ್ಲವರು ಹೇಳುತ್ತಾರೆ, ಇರಬಹುದು. ಆದರೆ ಸರಿಯಾವುದು ತಪ್ಪಾವುದು ಎಂದು ಎಣಿಸಿ ನೋಡುವ ಬೆರಳು ನಮ್ಮದೇ ಆಗಬೇಕಲ್ಲ.

ಆ ರಾತ್ರಿ ಊಟವಾದ ಮೇಲೆ ಅವಳ ಪುಸ್ತಕ ತೆರೆದೆ. ಇಂಗ್ಲಿಷಿನ ಪರಿಭಾಷೆ ನೋಡಿ ತಲೆ ತಿರುಗಿತು. ಆದರೆ ಚಿತ್ರಗಳನ್ನು ನೋಡುತ್ತ ನೋಡುತ್ತ, ಎಲ್ಲೋ ಕಂಡಿದ್ದೇನೆ ಎನಿಸತೊಡಗಿತು. ಬಿಂದುಗಳು, ಅವುಗಳನ್ನು ಕೂಡಿಸುವ ಗೆರೆಗಳು... ಒಮ್ಮೆಲೇ ನೆನಪಾಯಿತು. ನಾನು ವಿಜಾಪುರ ಜಿಲ್ಲೆಯ ಸರ್ಕಾರಿ ಕನ್ನಡ ಶಾಲೆಯಲ್ಲಿ ಎಸ್.ಎಸ್.ಎಲ್.ಸಿ. ಓದುವಾಗ ಗಣಿತದ ಪುಸ್ತಕದಲ್ಲಿ ಇದೇ ಪಾಠವಿದ್ದಿತು. ಅದರ ಹೆಸರು ಜಾಲಾಕೃತಿಗಳು! ಬಿಂದುವಿಗೆ ಸಂಪಾತಬಿಂದುವೆಂದೂ, ಗೆರೆಗೆ ಕಂಸವೆಂದೂ, ಗೆರೆಗಳು ಸುತ್ತುವರಿದ ಜಾಗಕ್ಕೆ ವಲಯವೆಂದೂ ಹೆಸರು. 'ಕೊಟ್ಟಿರುವ ಜಾಲಾಕೃತಿಗೆ ಆಯ್ಲರನ ಸೂತ್ರವನ್ನು ತಾಳೆ ನೋಡಿರಿ' ಎಂಬ ಪ್ರಶ್ನೆ ಬಾರದ ವರ್ಷವೇ ಇರಲಿಲ್ಲವೆನ್ನಬಹುದು. ಎನ್ ಕೂಡಿಸು ಆರ್ ಸಮ ಎ ಕೂಡಿಸು ಎರಡು. ಬಿಂದುಗಳ ಸಂಖ್ಯೆಗೆ ವಲಯಗಳ ಸಂಖ್ಯೆ ಸೇರಿಸಿದರೆ, ಗೆರೆಗಳ ಸಂಖ್ಯೆಗಿಂತ ಎರಡು ಹೆಚ್ಚು. ಹೊರಗಿನ ಬಯಲನ್ನೂ ಒಂದು ವಲಯವೆಂದು ಎಣಿಸಬೇಕೆಂಬುದನ್ನು ಮರೆತು ಅಂಕ ಕಳೆದುಕೊಂಡ ಗೆಳೆಯರು ನನಗೆ ಬಹಳ ಮಂದಿ ಇದ್ದರು. ಪುಣೆಯ ಇಂಗ್ಲಿಷ್ ಶಾಲೆಯಲ್ಲಿ ಕಲಿತ ನನ್ನ ಸೋದರಸೊಸೆಗೆ ಪದವಿ ತರಗತಿಯಲ್ಲಿ ಮೊದಲ ಬಾರಿಗೆ ಎದುರಾದ ವಿದ್ಯೆ, ನಮ್ಮ ಹಳ್ಳಿಯ ಶಾಲೆಯಲ್ಲಿ ನನಗೆ ಹತ್ತನೆಯ ಇಯತ್ತೆಯಲ್ಲೇ ಸಿಕ್ಕಿದ್ದಿತು! ಆ ಕ್ಷಣದಲ್ಲಿ ನನಗೆ ಬಂದ ಹೆಮ್ಮೆಯನ್ನು ಮುಚ್ಚಿಡುವುದಿಲ್ಲ. ಆದರೆ ಆ ಹೆಮ್ಮೆ ಹೆಚ್ಚು ಹೊತ್ತು ನಿಲ್ಲಲಿಲ್ಲ. "ಅದು ಯಾಕ ಹಂಗ ಬರತದ, ಮಾಮಾ?" ಎಂದು ಅವಳು ಕೇಳಿದಳು. ನಾನು ತಾಳೆ ನೋಡಿದ್ದೆನೇ ಹೊರತು ಏಕೆಂದು ಯಾರನ್ನೂ ಕೇಳಿರಲಿಲ್ಲ.

ಇಲ್ಲಿ ಒಂದು ಮಾತು. ಗ್ರಾಫ್ ಎಂದರೆ ನಾವು ಚೌಕಳಿ ಹಾಳೆಯ ಮೇಲೆ ಬರೆಯುವ ಏರಿಳಿತದ ರೇಖೆಯಲ್ಲ. ಕೆಲವು ವಸ್ತುಗಳು, ಅವುಗಳಲ್ಲಿ ಯಾವುದಕ್ಕೆ ಯಾವುದರೊಡನೆ ಸಂಬಂಧವುಂಟು ಎಂಬುದರ ಚಿತ್ರ, ಅಷ್ಟೆ. ಬೀದಿಗಳೂ ನಾಕಾಗಳೂ ಒಂದು ಗ್ರಾಫ್. ನೆಂಟಸ್ತಿಕೆ ಒಂದು ಗ್ರಾಫ್. ನಮ್ಮ ಕಚೇರಿಯಲ್ಲಿ ಕಡತವೊಂದು ಮೇಜಿನಿಂದ ಮೇಜಿಗೆ ಹೋಗುವ ಹಾದಿಯೂ ಒಂದು ಗ್ರಾಫ್. ಅದರಲ್ಲಿ ಗೆರೆಗಳಿಗೆ ಬಾಣದ ಗುರುತು ಇರುತ್ತದೆ, ಮತ್ತು ಅನುಭವಸ್ಥರು ಬಲ್ಲಂತೆ, ಹೊರಟ ಮೇಜಿಗೇ ಮರಳಿ ಬರುವ ಸುತ್ತುಗಳೂ ಇರುತ್ತವೆ.

ಮೊದಲ ಪ್ರಶ್ನೆ ಹೀಗಿದ್ದಿತು: ಏಳು ಬಿಂದುಗಳು, ಪ್ರತಿಯೊಂದಕ್ಕೂ ಮೂರು ಮೂರು ಗೆರೆ, ಇಂಥ ಗ್ರಾಫ್ ಇರಲು ಸಾಧ್ಯವೆ? ನಾನು ಸಂಕ್ರಾಂತಿಯನ್ನು ನೆನೆದುಕೊಂಡೆ. ಏಳು ಮಂದಿ ಹೆಂಗಸರು ಸೇರಿದ್ದಾರೆ. ಪ್ರತಿಯೊಬ್ಬಳೂ ಸರಿಯಾಗಿ ಮೂವರೊಡನೆ ಕುಸುರೆಳ್ಳು ಕೊಟ್ಟು ತೆಗೆದುಕೊಂಡಿದ್ದಾಳೆ. ಒಬ್ಬೊಬ್ಬಳನ್ನೂ ಎಷ್ಟು ಮಂದಿಯೊಡನೆ ಎಂದು ಕೇಳಿ ಕೂಡಿಸಿದರೆ ಇಪ್ಪತ್ತೊಂದು. ಆದರೆ ಪ್ರತಿ ಎಳ್ಳಿನ ವಿನಿಮಯವನ್ನೂ ಇಬ್ಬರು ಹೇಳಿರುತ್ತಾರೆ, ಇವಳೊಮ್ಮೆ ಅವಳೊಮ್ಮೆ. ಆದ್ದರಿಂದ ಕೂಡಿಸಿ ಬಂದದ್ದು ಸಮಸಂಖ್ಯೆಯಾಗಲೇಬೇಕು. ಇಪ್ಪತ್ತೊಂದು ಸಮವಲ್ಲ. ಯಾರೋ ಒಬ್ಬಳು ಸುಳ್ಳು ಹೇಳಿದ್ದಾಳೆ! ಹುಡುಗಿ ಆ ದಿನ ಮೊದಲ ಸಲ ನಕ್ಕಳು. ಪುಸ್ತಕದಲ್ಲಿ ಇದೇ ಮಾತನ್ನು ಎರಡು ಸಾಲಿನ ಸೂತ್ರವಾಗಿ ಬರೆದಿದ್ದರು. ಅವಳು ಅದನ್ನು ನೂರು ಸಲ ಓದಿದ್ದಳಂತೆ.

ಆಮೇಲೆ ಆ ಚೌಕದ ಲೆಕ್ಕ. ಇದರಲ್ಲಿ ನಾನು ಸೋತೆ. ಹತ್ತು ಸಲ ಬರೆದು ನೋಡಿದೆವು, ಆಗಲಿಲ್ಲ. ಆಗುವುದಿಲ್ಲವೆಂಬುದು ನಿಜವೆ, ಅಥವಾ ನಮಗೆ ದಾರಿ ಸಿಕ್ಕಿಲ್ಲವೆ? ಅಷ್ಟರಲ್ಲಿ ಒಳಗಿನಿಂದ ಅವ್ವ ಬಂದಳು. ಅವಳು ಓದಿದ್ದು ನಾಲ್ಕನೆಯ ಇಯತ್ತೆಯವರೆಗೆ. ಆದರೆ ದಿನವೂ ಮುಂಜಾನೆ ಬಾಗಿಲ ಮುಂದೆ ಎಳೆ ರಂಗೋಲಿ ಹಾಕುವವಳು. ಚುಕ್ಕೆ ಇಟ್ಟು, ಅವುಗಳ ಸುತ್ತ ಒಂದೇ ಎಳೆಯನ್ನು ಬಳುಕಿಸುತ್ತ ಹೋಗಿ ಹೊರಟಲ್ಲಿಗೇ ತಂದು ಕೂಡಿಸುವ ಕೈ ಅವಳದು.

"ಏನ್ ಮಾಡಾಕತ್ತೀರಿ ಇಬ್ಬರೂ ಕೂತು?"

ಹೇಳಿದೆವು. ಅವಳು ಚಿತ್ರದ ಮೇಲೆ ಒಮ್ಮೆ ಕಣ್ಣಾಡಿಸಿದಳು.

"ಇದು ಹೆಂಗ ಬರತದ? ಮೂಲಿಗೆ ಮೂರು ಎಳಿ ಅದಾವು. ಒಂದು ಒಳಗ ಬಂತು, ಒಂದು ಹೊರಗ ಹೋತು. ಮೂರನೇದು ಬಂದು ಅಲ್ಲೇ ಕುಂಡ್ರತದ. ಬಂದಾಂವಗ ಹೋಗಾಕ ಹಾದಿ ಬ್ಯಾಡೇನು?"

ಹುಡುಗಿ ಅಜ್ಜಿಯ ಮುಖವನ್ನೇ ನೋಡುತ್ತ ಕುಳಿತಳು. ಆಯ್ಲರನು ಹೇಳಿದ್ದು ಇಷ್ಟೇ. ಒಂದು ಬಿಂದುವಿಗೆ ಬಂದಷ್ಟು ಸಲ ಅಲ್ಲಿಂದ ಹೊರಡಬೇಕು. ಆದ್ದರಿಂದ ಅಲ್ಲಿ ಗೆರೆಗಳು ಜೋಡಿ ಜೋಡಿಯಾಗಿರಬೇಕು. ಪ್ರಯಾಣ ಆರಂಭವಾಗುವ ಬಿಂದು, ಮುಗಿಯುವ ಬಿಂದು, ಈ ಎರಡಕ್ಕೆ ಮಾತ್ರ ವಿನಾಯಿತಿ. ಬೆಸಸಂಖ್ಯೆಯ ಗೆರೆಗಳುಳ್ಳ ಬಿಂದುಗಳು ಎರಡಕ್ಕಿಂತ ಹೆಚ್ಚಿದ್ದರೆ ಎಷ್ಟು ತಿಣುಕಿದರೂ ಆಗದು. ಚೌಕದ ನಾಲ್ಕು ಮೂಲೆಗಳಲ್ಲೂ ಮೂರು ಮೂರು ಗೆರೆ, ನಾಲ್ಕೂ ಬೆಸ. ಅದೇ ಚೌಕದ ಮೇಲೆ ಮನೆಯ ಮಾಳಿಗೆಯಂತೆ ಎರಡು ಗೆರೆ ಇಳಿಜಾರಾಗಿ ಏರಿಸಿ ನೋಡಿ. ಮೇಲಿನ ಎರಡು ಮೂಲೆಗಳಿಗೆ ಒಂದೊಂದು ಗೆರೆ ಸೇರಿ ನಾಲ್ಕು ನಾಲ್ಕಾಗುತ್ತವೆ, ತುದಿಗೆ ಎರಡು. ಬೆಸ ಉಳಿದದ್ದು ಕೆಳಗಿನ ಎರಡೇ. ಈಗ ಚಿತ್ರ ಬರುತ್ತದೆ. ಆದರೆ ಕೆಳಗಿನ ಒಂದು ಮೂಲೆಯಿಂದಲೇ ಹೊರಡಬೇಕು, ಇನ್ನೊಂದರಲ್ಲೇ ಮುಗಿಸಬೇಕು. ಮಕ್ಕಳಿಂದ ಮಾಡಿಸಿ ನೋಡಿರಿ.

ಈ ವಿದ್ಯೆಯ ಜನನ ಒಂದು ಊರಿನ ಸೇತುವೆಗಳಿಂದ ಆಯಿತೆಂದು ಎಲ್ಲ ಪುಸ್ತಕಗಳೂ ಹೇಳುತ್ತವೆ. ಪ್ರೆಗೆಲ್ ನದಿಯ ದಂಡೆಯ ಕ್ಯೋನಿಗ್ಸ್‌ಬರ್ಗ್ ನಗರ. ಈಗ ಅದು ರಷ್ಯಕ್ಕೆ ಸೇರಿ ಕಲಿನಿನ್‌ಗ್ರಾಡ್ ಎನಿಸಿಕೊಂಡಿದೆ. ನದಿ ಅಲ್ಲಿ ಕವಲೊಡೆದು ನಗರವನ್ನು ನಾಲ್ಕು ತುಂಡು ಮಾಡಿತ್ತು. ಅವುಗಳನ್ನು ಕೂಡಿಸಲು ಏಳು ಸೇತುವೆ. ಪ್ರತಿ ಸೇತುವೆಯನ್ನೂ ಒಮ್ಮೆ ಮಾತ್ರ ದಾಟಿ ಊರು ಸುತ್ತಿ ಬರಬಹುದೆ ಎಂಬುದು ಅಲ್ಲಿಯವರ ಒಗಟು. ಪೀಟರ್ಸ್‌ಬರ್ಗಿನಲ್ಲಿದ್ದ ಆಯ್ಲರನು 1735ರಲ್ಲಿ ಅಲ್ಲಿನ ಅಕಾಡೆಮಿಯ ಮುಂದೆ ಅದರ ಉತ್ತರವನ್ನು ಓದಿದನು. ನೆಲದ ತುಂಡುಗಳನ್ನು ಬಿಂದುಗಳೆಂದು ಎಣಿಸಿದರೆ ಒಂದಕ್ಕೆ ಐದು ಸೇತುವೆ, ಉಳಿದ ಮೂರಕ್ಕೆ ಮೂರು ಮೂರು. ನಾಲ್ಕೂ ಬೆಸ. ಆದ್ದರಿಂದ ಅಸಾಧ್ಯ. ಬೆಸಬಿಂದುಗಳು ಇಲ್ಲದಿದ್ದರೆ ದಾರಿ ಖಂಡಿತ ಸಿಕ್ಕೇ ಸಿಗುತ್ತದೆಂಬುದಕ್ಕೆ ಪೂರ್ಣ ಸಾಧನೆ ಅಚ್ಚಾದದ್ದು ಮಾತ್ರ 1873ರಲ್ಲಿ; ಕೊಟ್ಟವನು ಹಿಯರ್‌ಹೋಲ್ಟ್‌ಸರ್ ಎಂಬ ತರುಣ ಜರ್ಮನ್, ಅದು ಅಚ್ಚಾಗುವ ವೇಳೆಗೆ ಅವನು ತೀರಿಕೊಂಡಿದ್ದನು.

ನಮ್ಮ ಕ್ಯಾಂಪಿನ ಎಂ.ಜಿ. ರಸ್ತೆಯನ್ನೂ ಈಸ್ಟ್ ಸ್ಟ್ರೀಟನ್ನೂ ಏಣಿಯ ಎರಡು ಕಂಬಗಳೆಂದೂ, ನಡುವಿನ ಅಡ್ಡಬೀದಿಗಳನ್ನು ಏಣಿಯ ಮೆಟ್ಟಿಲೆಂದೂ ಭಾವಿಸಿಕೊಳ್ಳಿ. ಒಳಗಿನ ಪ್ರತಿ ಮೂಲೆಯಲ್ಲೂ ಮೂರು ದಾರಿ ಕೂಡುತ್ತವೆ. ಟಪಾಲಿನವನು ಎಲ್ಲ ಬೀದಿಗಳನ್ನೂ ಒಂದೊಂದೇ ಸಲ ನಡೆದು ಅಂಚೆಮನೆಗೆ ಮರಳಲಾರ. ಕೆಲವನ್ನು ಎರಡು ಸಲ ತುಳಿಯಲೇಬೇಕು. ಯಾವುವನ್ನು ಎರಡು ಸಲ ತುಳಿದರೆ ಕಾಲಿಗೆ ಶ್ರಮ ಕಡಿಮೆ ಎಂಬುದನ್ನು 1960ರಲ್ಲಿ ಚೀನದ ಗಣಿತಜ್ಞ ಕ್ವಾನ್ ಮೇಯಿ-ಕೋ ವಿಚಾರಿಸಿದನು. ಅದಕ್ಕೆ ಚೀನೀ ಅಂಚೆಯವನ ಸಮಸ್ಯೆಯೆಂದೇ ಹೆಸರಾಗಿದೆ. ಕಸದ ಗಾಡಿಯ ದಾರಿ ಗೊತ್ತುಮಾಡಲೂ ಇದೇ ಲೆಕ್ಕ ಬರುತ್ತದೆ.

ಇಷ್ಟಾದರೂ ಅವ್ವನ ರಂಗೋಲಿಯಿಂದಲೂ ನನ್ನ ಹತ್ತನೆಯ ಇಯತ್ತೆಯ ನೆನಪಿನಿಂದಲೂ ಪೂರ್ತಿ ಪಾಠ ದಾಟುವಂತಿರಲಿಲ್ಲ. ಒಂದು ಶನಿವಾರ ಇಬ್ಬರೂ ಅಪ್ಪಾ ಬಳವಂತ ಚೌಕಕ್ಕೆ ಹೋದೆವು. ಪುಣೆಯಲ್ಲಿ ಪಠ್ಯಪುಸ್ತಕವೆಂದರೆ ಅದೇ ಜಾಗ. ಅಲ್ಲಿ ನರಸಿಂಗ್ ದೇವ್ ಬರೆದ ಗ್ರಾಫ್ ಥಿಯರಿಯ ಪುಸ್ತಕದ ಹಳೆಯ ಪ್ರತಿಯೊಂದು ಅಗ್ಗಕ್ಕೆ ದೊರೆಯಿತು. 1974ರಲ್ಲಿ ಮೊದಲು ಅಚ್ಚಾದ ಈ ಪುಸ್ತಕವನ್ನು ನಮ್ಮ ದೇಶದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಸೇತುವೆಯ ಕಥೆ ಮೊದಲ ಅಧ್ಯಾಯದಲ್ಲೇ ಇದೆ. ಒಂದು ಕ್ಲಬ್ಬಿನ ಒಂಬತ್ತು ಸದಸ್ಯರು ದಿನವೂ ದುಂಡುಮೇಜಿನ ಸುತ್ತ ಊಟಕ್ಕೆ ಕೂರುತ್ತಾರೆ, ಒಮ್ಮೆ ಪಕ್ಕದಲ್ಲಿ ಕುಳಿತವರು ಮತ್ತೆ ಪಕ್ಕದಲ್ಲಿ ಕೂರಬಾರದು, ಎಷ್ಟು ದಿನ ನಡೆದೀತು ಎಂಬ ಲೆಕ್ಕವೂ ಇದೆ. ಒಬ್ಬನಿಗೆ ಉಳಿದವರು ಎಂಟು. ದಿನಕ್ಕೆ ಇಬ್ಬರಂತೆ ನಾಲ್ಕೇ ದಿನ. ನಮ್ಮ ಸಂಘದ ಕಾರ್ಯಕಾರಿ ಸಮಿತಿ ವರ್ಷಕ್ಕೆ ನಾಲ್ಕೇ ಸಲ ಸೇರುವುದಕ್ಕೆ ಇದೇ ಕಾರಣವಿರಬಹುದೆ!

ಪುಸ್ತಕ ಬಂದಿತು, ಆದರೆ ಪುಸ್ತಕವು ಎದುರು ಪ್ರಶ್ನೆ ಕೇಳುವುದಿಲ್ಲ. ಆ ಕೊರತೆಯನ್ನು ತುಂಬಿದವರು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು. ಧಾರವಾಡದಲ್ಲಿ ಗಣಿತದ ಎಂ.ಎಸ್‌ಸಿ. ಮಾಡಿ, ಪುಣೆಯಲ್ಲಿ ಬಹುಕಾಲ ಮಾಸ್ತರಿಕೆ ಮಾಡಿ ನಿವೃತ್ತರಾದವರು. ತಮ್ಮ ಹೆಸರು ಹಾಕಕೂಡದೆಂದು ಅವರ ಕಟ್ಟಪ್ಪಣೆಯಾಗಿದೆ. ರಾಜ್ಯೋತ್ಸವದ ತಯಾರಿಯ ಸಭೆಯಲ್ಲಿ ಹೀಗೇ ಮಾತಿಗೆ ಮಾತು ಬಂದು ಹೇಳಿದಾಗ, "ರವಿವಾರ ಹುಡುಗೀನ ಕರಕೊಂಡ ಬರ್ರಿ, ಪುಸ್ತಕ ಬ್ಯಾಡ" ಎಂದರು. ಶುಲ್ಕದ ಮಾತೆತ್ತಿದೆ. "ರೊಟ್ಟಿ ತರಲಿ" ಎಂದು ನಕ್ಕರು. ಅಕ್ಕನು ಪ್ರತಿ ರವಿವಾರವೂ ಹತ್ತು ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಡತೊಡಗಿದಳು.

ಅವರ ಕ್ರಮ ವಿಚಿತ್ರವಾಗಿದ್ದಿತು. ಅವರು ಒಂದು ಲೆಕ್ಕವನ್ನೂ ಬಿಡಿಸಿಕೊಡಲಿಲ್ಲ. ಏಳು ಬಿಂದುಗಳ ಲೆಕ್ಕವಿದ್ದರೆ, ಮೂರು ಬಿಂದುಗಳಿಗೆ ಏನಾಗುತ್ತದೆ ಹೇಳು ಎನ್ನುವರು. ಉತ್ತರ ಬಂದರೆ, ನಾಲ್ಕಕ್ಕೆ ಹೇಳು ಎನ್ನುವರು. ಚಿತ್ರ ಬರೆಯದೆ ಮಾತಾಡಗೊಡುತ್ತಿರಲಿಲ್ಲ. ಉತ್ತರ ಸಿಕ್ಕ ಮೇಲೆ ಅದನ್ನು ಕನ್ನಡದಲ್ಲಿ ಗಟ್ಟಿಯಾಗಿ ಹೇಳಬೇಕು. ಹೇಳಲು ಬಂದರೆ ಮಾತ್ರ ಇಂಗ್ಲಿಷಿನಲ್ಲಿ ಬರೆಯಬೇಕು. ಹುಡುಗಿಗೆ ಕನ್ನಡವೆಂದರೆ ಅಡಿಗೆಮನೆಯ ಮಾತು. ಅದರಲ್ಲಿ ಗಣಿತ ಹೇಳಬಹುದೆಂದು ಅವಳಿಗೆ ಗೊತ್ತಿರಲಿಲ್ಲ. ಮೊದಮೊದಲು ತಡವರಿಸಿದಳು. ಆದರೆ ಅಡಿಗೆಮನೆಯ ಮಾತಿನಲ್ಲಿ ಹೇಳಲು ಹೊರಟಾಗ, ಅರ್ಥವಾಗದ್ದು ಅರ್ಥವಾದಂತೆ ನಟಿಸಲು ಬರುವುದಿಲ್ಲ. ಮೂಲೆಯಲ್ಲಿ ಕುಳಿತಿದ್ದ ನನಗೂ ಇದು ಹೊಳೆದದ್ದು ಆಗಲೇ.

ನನ್ನ ಹಳೆಯ ಸೂತ್ರದ ಕಾರಣವನ್ನು ಅವಳು ಅಲ್ಲಿಯೇ ಕಂಡುಕೊಂಡಳು. ಒಂದೇ ಚುಕ್ಕೆಯಿಂದ ಆರಂಭಿಸು, ಎಂದರು ಅವರು. ಬಿಂದು ಒಂದು, ಗೆರೆ ಇಲ್ಲ, ಸುತ್ತಲ ಬಯಲು ಒಂದು ವಲಯ. ಒಂದಕ್ಕೊಂದು ಸೇರಿ ಎರಡು, ಸೊನ್ನೆಗೆ ಎರಡು ಸೇರಿ ಎರಡು, ಸರಿಹೋಯಿತು. ಈಗ ಒಂದೊಂದೇ ಗೆರೆ ಎಳೆಯುತ್ತ ಹೋಗು. ಗೆರೆ ಹೊಸ ಬಿಂದುವಿಗೆ ಹೋದರೆ ಬಿಂದು ಒಂದು ಹೆಚ್ಚಿತು, ಗೆರೆ ಒಂದು ಹೆಚ್ಚಿತು. ಇದ್ದ ಬಿಂದುವಿಗೇ ಹೋಗಿ ಕೂಡಿದರೆ ಜಾಗವೊಂದು ಸುತ್ತುವರಿಯಿತು. ವಲಯ ಒಂದು ಹೆಚ್ಚಿತು, ಗೆರೆ ಒಂದು ಹೆಚ್ಚಿತು. ತಕ್ಕಡಿಯ ಎರಡೂ ತಟ್ಟೆಗೆ ಯಾವಾಗಲೂ ಒಂದೊಂದೇ ಬೀಳುತ್ತದೆ. ಹದಿನೆಂಟು ವರ್ಷಕ್ಕೂ ಹಿಂದೆ ಎರಡು ಅಂಕಕ್ಕಾಗಿ ತಾಳೆ ನೋಡಿದ ಸೂತ್ರ, ನನಗೆ ಅರ್ಥವಾದದ್ದು ಆ ರವಿವಾರ.

ಅದರಿಂದಲೇ ಇನ್ನೊಂದು ಗಂಟು ಬಿಚ್ಚಿತು. ಮೂರು ಮನೆ, ನೀರು, ವಿದ್ಯುತ್ತು, ಅಡಿಗೆ ಅನಿಲ ಎಂಬ ಮೂರು ಠಾಣೆ. ಪ್ರತಿ ಮನೆಗೂ ಮೂರು ಠಾಣೆಗಳಿಂದ ಕೊಳವೆ ಬರಬೇಕು, ಯಾವ ಎರಡು ಕೊಳವೆಗಳೂ ಒಂದನ್ನೊಂದು ದಾಟಬಾರದು. ಈ ಒಗಟಿನ ಮೇಲೆ ನಾನು ಎರಡು ಸಂಜೆ ಕಳೆದು, ಆಗಿಯೇ ಹೋಯಿತೆಂದು ಒಮ್ಮೆ ಕೂಗಿಯೂ ಇದ್ದೆ. ಎಂಟು ಕೊಳವೆ ಸುಲಭವಾಗಿ ಬರುತ್ತವೆ, ಒಂಬತ್ತನೆಯದೇ ತೊಡಕು. ಅವಳು ಲೆಕ್ಕ ಹಾಕಿ ತೋರಿಸಿದಳು. ಬಿಂದುಗಳು ಆರು, ಗೆರೆಗಳು ಒಂಬತ್ತು. ದಾಟದಂತೆ ಬರೆಯಲು ಬಂದರೆ ಸೂತ್ರದ ಪ್ರಕಾರ ವಲಯಗಳು ಐದು. ಮನೆಯಿಂದ ಮನೆಗೆ ಕೊಳವೆಯಿಲ್ಲ, ಠಾಣೆಯಿಂದ ಠಾಣೆಗೂ ಇಲ್ಲ. ಆದ್ದರಿಂದ ಒಂದು ಜಾಗ ಸುತ್ತಿಬರಲು ಕಡಿಮೆಯೆಂದರೆ ನಾಲ್ಕು ಗೆರೆ ಬೇಕು. ಐದು ವಲಯಕ್ಕೆ ಇಪ್ಪತ್ತು. ಪ್ರತಿ ಗೆರೆಯೂ ಹೆಚ್ಚೆಂದರೆ ಎರಡು ವಲಯಗಳಿಗೆ ಗಡಿಯಾದೀತು, ಒಂಬತ್ತೆರಡಲೆ ಹದಿನೆಂಟು. ಎರಡು ಸಾಲದು! ನನ್ನ ಎರಡು ಸಂಜೆಗಳ ಶ್ರಮ ವ್ಯರ್ಥವೆಂದು ನಾಲ್ಕು ಸಾಲಿನಲ್ಲಿ ತೀರ್ಪಾಯಿತು. ಸೋತದ್ದಕ್ಕೆ ಇಷ್ಟು ಸಂತೋಷಪಟ್ಟ ನೆನಪು ನನಗೆ ಬೇರೆ ಇಲ್ಲ.

ಮಾಸ್ತರರು ಚಹಾ ಕುಡಿಯುವಾಗ ಹೇಳಿದ ಎರಡು ಸಂಗತಿಗಳನ್ನು ನಮ್ಮ ಓದುಗರಿಗೆ ತಿಳಿಸದಿದ್ದರೆ ಕನ್ನಡಿಗನಾಗಿ ತಪ್ಪುಮಾಡಿದಂತೆ.

ಒಂದು ನಮ್ಮ ಮೈಸೂರಿನದು. ಎಲ್ಲ ಗೆರೆಗಳ ಮೇಲೆ ಒಮ್ಮೆ ಹೋಗುವುದು ಆಯ್ಲರನ ದಾರಿಯಾದರೆ, ಎಲ್ಲ ಬಿಂದುಗಳನ್ನು ಒಮ್ಮೊಮ್ಮೆ ಮುಟ್ಟಿ ಬರುವುದು ಇನ್ನೊಂದು ಬಗೆ. ಐರ್ಲೆಂಡಿನ ಹ್ಯಾಮಿಲ್ಟನ್ 1857ರಲ್ಲಿ ಇದರ ಮೇಲೊಂದು ಆಟವನ್ನೇ ಕಟ್ಟಿದ್ದರಿಂದ ಅವನ ಹೆಸರು ನಿಂತಿತು. ಚದುರಂಗದ ಕುದುರೆಯನ್ನು ಅರವತ್ನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ನಡೆಸುವುದು ಇದೇ ಜಾತಿಯ ಲೆಕ್ಕ. ಒಂಬತ್ತನೆಯ ಶತಮಾನದ ಕಾಶ್ಮೀರದ ರುದ್ರಟನು ತನ್ನ ಕಾವ್ಯಾಲಂಕಾರದಲ್ಲಿ ಕುದುರೆಯ ನಡೆಯನ್ನು ಶ್ಲೋಕಕ್ಕೇ ಅಳವಡಿಸಿದನು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಇದರಲ್ಲಿ ಪರಮ ನಿಪುಣರು. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗ ಆಟಗಳ ವಿಷಯಕ್ಕೆ ಮೀಸಲಾಗಿದೆ. ಅವರು ರಚಿಸಿದ ಕುದುರೆ ಸಂಚಾರವೊಂದರಲ್ಲಿ ಮನೆಗಳಿಗೆ ನಡೆಯ ಕ್ರಮದಂತೆ 1ರಿಂದ 64ರವರೆಗೆ ಅಂಕೆ ಹಾಕಿದರೆ, ಪ್ರತಿ ಅಡ್ಡಸಾಲೂ ಪ್ರತಿ ಉದ್ದಸಾಲೂ ಕೂಡಿ 260 ಆಗುತ್ತದೆ! ಕಾಗದ ಲೇಖನಿಯ ಕಾಲದಲ್ಲಿ ಇದು ಎಂಥ ಸಾಧನೆಯೆಂಬುದನ್ನು ಊಹಿಸಿ. ಕರ್ಣಗಳೆರಡೂ 260 ಆಗುವ ಸಂಚಾರ ಉಂಟೆ ಎಂಬ ಪ್ರಶ್ನೆ ಬಹುಕಾಲ ಉಳಿದಿದ್ದಿತು. 2003ರಲ್ಲಿ ಕಂಪ್ಯೂಟರನ್ನು ಅರವತ್ತು ದಿನಕ್ಕೂ ಮೇಲೆ ಓಡಿಸಿ ಇಲ್ಲವೆಂದು ಖಚಿತಮಾಡಿದರು. ಅಂಥ ಅಡ್ಡ ಉದ್ದ ಸರಿದೂಗುವ ಮೂಲ ಸಂಚಾರಗಳು ಒಟ್ಟು 140 ಮಾತ್ರ ಎಂದೂ ಅದರಿಂದ ತಿಳಿಯಿತು. ವಿಶೇಷವೆಂದರೆ, ಗೆರೆಗಳ ದಾರಿಗೆ ಅವ್ವನ ಪರೀಕ್ಷೆಯಂಥ ಸುಲಭ ಪರೀಕ್ಷೆಯಿದೆ. ಬಿಂದುಗಳ ದಾರಿಗೆ ಅಂಥ ಪರೀಕ್ಷೆಯನ್ನು ಇಂದಿನವರೆಗೂ ಯಾರೂ ಕಂಡುಹಿಡಿದಿಲ್ಲ. ಕೆಲವೊಮ್ಮೆ ಬೇರೆ ಉಪಾಯ ಹೊಳೆಯುತ್ತದೆ. ಐದೈದು ಮನೆಯ ಚಿಕ್ಕ ಪಟದಲ್ಲಿ ಕುದುರೆ ಎಲ್ಲ ಮನೆ ಸುತ್ತಿ ಹೊರಟ ಮನೆಗೇ ಮರಳಲಾರದು. ಏಕೆಂದರೆ ಪ್ರತಿ ನೆಗೆತಕ್ಕೂ ಅದು ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ ಹೋಗಬೇಕು, ಇಪ್ಪತ್ತೈದು ಬೆಸಸಂಖ್ಯೆ.

ಇನ್ನೊಂದು ನಮ್ಮ ಧಾರವಾಡದ್ದು. ಕರ್ನಾಟಕ ವಿಶ್ವವಿದ್ಯಾಲಯದ ಇ. ಸಂಪತ್ಕುಮಾರ್ ಮತ್ತು ಎಚ್. ಬಿ. ವಾಲೀಕಾರ ಎಂಬ ಗಣಿತಜ್ಞರು 1979ರಲ್ಲಿ ಒಂದು ಹೊಸ ಕಲ್ಪನೆಯನ್ನು ಪ್ರಕಟಿಸಿದರು. ಒಂದು ರಸ್ತೆಯ ಮೇಲೆ ಸಾಲಾಗಿ ಒಂಬತ್ತು ಮನೆಗಳಿವೆಯೆಂದು ತಿಳಿಯೋಣ. ಕಾವಲುಗಾರನು ತಾನಿರುವ ಮನೆಯನ್ನೂ ಎಡಬಲದ ಒಂದೊಂದು ಮನೆಯನ್ನೂ ಕಾಯಬಲ್ಲ. ಎರಡನೆಯ, ಐದನೆಯ, ಎಂಟನೆಯ ಮನೆಗಳಲ್ಲಿ ಮೂವರನ್ನು ನಿಲ್ಲಿಸಿದರೆ ಸಾಕು. ಇದು ಹಳೆಯ ಕಲ್ಪನೆ. ಚದುರಂಗದ ಪಟವನ್ನೆಲ್ಲ ಐದು ರಾಣಿಯರು ಕಾಯಬಲ್ಲರೆಂಬ ಲೆಕ್ಕದಿಂದ ಬಂದದ್ದು. ಆದರೆ ಆ ಕಾವಲುಗಾರರು ಪಕ್ಕದವನಿಗೆ ಮಾತ್ರ ಕೂಗಿ ಹೇಳಬಲ್ಲರಾದರೆ, ಸುದ್ದಿ ಒಬ್ಬರಿಂದೊಬ್ಬರಿಗೆ ಎಲ್ಲರಿಗೂ ಮುಟ್ಟಬೇಕಾದರೆ? ಆಗ ಮೂವರು ಸಾಲರು. ತುದಿಯ ಎರಡು ಮನೆ ಬಿಟ್ಟು ಏಳು ಮಂದಿ ಬೇಕು. ಹೀಗೆ ಕಾಯುವವರು ತಮ್ಮಲ್ಲೇ ಸಂಪರ್ಕವುಳ್ಳವರಾಗಿರಬೇಕೆಂಬ ನಿಯಮ ಹಾಕಿ, ಅಂಥವರ ಕನಿಷ್ಠ ಸಂಖ್ಯೆಯನ್ನು ವಿಚಾರಿಸಿದವರು ಇವರು. ಮುಂದೆ ತಂತಿಯಿಲ್ಲದ ದೂರಸಂಪರ್ಕ ಜಾಲಗಳು ಬಂದಾಗ ಈ ಕಲ್ಪನೆ ದೊಡ್ಡ ಬೆಲೆಗೆ ಬಂದಿತು: ಯಾವ ಕೆಲವು ಉಪಕರಣಗಳು ಸುದ್ದಿಯನ್ನು ಹೊತ್ತು ಸಾಗಿಸಬೇಕು, ಯಾವುವು ಸುಮ್ಮನಿರಬಹುದು ಎಂಬುದನ್ನು ಗೊತ್ತುಮಾಡುವಾಗ ಧಾರವಾಡದ ಆ ಮಾತನ್ನು ಲೋಕದ ಎಲ್ಲೆಡೆಯ ಎಂಜಿನಿಯರರು ಬಳಸುತ್ತಾರೆ. ಇದನ್ನು ಕೇಳಿದ ದಿನ ಹುಡುಗಿ, "ನಮ್ಮ ಧಾರವಾಡದವರಾ?" ಎಂದು ಎರಡು ಸಲ ಕೇಳಿದಳು. ಅವಳು ಧಾರವಾಡಕ್ಕೆ ಹೋದದ್ದು ಒಂದೇ ಸಲ, ಅದೂ ಒಂದು ಮದುವೆಗೆ.

ನೆರವು ಬೇಕಾದವರಿಗೆ ಇನ್ನೂ ಕೆಲವು ಬಾಗಿಲುಗಳು ತೆರೆದಿವೆ. ಐ.ಐ.ಟಿ.ಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟೆಲ್ ಎಂಬ ಯೋಜನೆಯ ಪಾಠಗಳನ್ನು ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ನೋಡಬಹುದು. ಅದರಲ್ಲಿ ವಿಜ್ಞಾನ ಸಂಸ್ಥೆಯ ಎಲ್. ಸುನೀಲ್ ಚಂದ್ರನ್ ಅವರ ಗ್ರಾಫ್ ಥಿಯರಿಯ ಪಾಠಮಾಲೆಯಿದೆ. ಮೊದಲ ಕೆಲವು ಪಾಠ ನಿಧಾನವಾಗಿ ನಿಲ್ಲಿಸಿ ನಿಲ್ಲಿಸಿ ನೋಡಬೇಕು. ನಮ್ಮ ಪುಣೆಯಲ್ಲೇ ಎರಂಡವಣೆಯಲ್ಲಿ ಭಾಸ್ಕರಾಚಾರ್ಯ ಪ್ರತಿಷ್ಠಾನವಿದೆ. ಗಣಿತಜ್ಞ ಶ್ರೀರಾಮ ಅಭ್ಯಂಕರರು 1976ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಗಣಿತಕ್ಕೇ ಮೀಸಲು. ಒಲಿಂಪಿಯಾಡ್ ಪರೀಕ್ಷೆಗಳಿಗೆ ಶಾಲಾ ಮಕ್ಕಳನ್ನು ತಯಾರು ಮಾಡುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಮಗುವಿಗೆ ಗಣಿತದಲ್ಲಿ ನಿಜವಾದ ಆಸೆಯಿದ್ದರೆ ಎಂಟನೆಯ ಒಂಬತ್ತನೆಯ ಇಯತ್ತೆಯಲ್ಲೇ ಅತ್ತ ಕರೆದುಕೊಂಡು ಹೋಗುವುದು ಲೇಸು. ಇವೆಲ್ಲಕ್ಕೂ ಮೊದಲು, ನಮ್ಮ ಸಂಘದ ಸದಸ್ಯರ ಯಾದಿಯನ್ನೊಮ್ಮೆ ತೆಗೆದು ನೋಡಿ. ಯಾರು ಏನು ಓದಿದವರು, ಯಾರು ನಿವೃತ್ತರಾಗಿ ಮನೆಯಲ್ಲಿದ್ದಾರೆ ಎಂಬುದು ನಮಗೆ ಗೊತ್ತಿಲ್ಲ. ಗಣೇಶೋತ್ಸವದಲ್ಲಿ ಪಕ್ಕದಲ್ಲಿ ಕುಳಿತು ಪ್ರಸಾದ ತಿಂದು ಎದ್ದು ಹೋಗುತ್ತೇವೆ. ಹತ್ತು ವರ್ಷದಿಂದ ಆ ಮಾಸ್ತರರಿಗೆ ನಮಸ್ಕಾರ ಹೇಳುತ್ತಿದ್ದ ನನಗೆ ಅವರು ಗಣಿತದವರೆಂದು ತಿಳಿದಿರಲಿಲ್ಲ. ಬ್ಯಾಂಕಿನವರೆಂದೇ ನಾನು ನಂಬಿದ್ದೆ.

ಪರೀಕ್ಷೆ ನವೆಂಬರಿನ ಕೊನೆಗೆ ಬಂದಿತು. ಹಿಂದಿನ ರಾತ್ರಿ ಅವಳು ನಮ್ಮ ಮನೆಯಲ್ಲೇ ಮಲಗಿದಳು. ನಡುರಾತ್ರಿ ಎಚ್ಚರವಾಗಿ ನೋಡಿದರೆ, ದೀಪ ಹಾಕಿಕೊಂಡು ಯಾವುದೋ ಗ್ರಾಫಿನ ಬೆಸಬಿಂದುಗಳನ್ನು ಬೆರಳಿನಿಂದ ಎಣಿಸುತ್ತಿದ್ದಳು. ಪ್ರಶ್ನೆಪತ್ರಿಕೆಯಲ್ಲಿ ಅವಳು ಕಂಡಿರದ ಲೆಕ್ಕವೇ ಬಂದಿದ್ದಿತಂತೆ, ಹತ್ತು ಬಿಂದುಗಳದ್ದು. "ಮೂರು ಬಿಂದುಗೆ ಮೊದಲು ಮಾಡಿದೆ, ಮಾಮಾ" ಎಂದಳು. ಎಪ್ಪತ್ತಕ್ಕೆ ನಲವತ್ತೊಂದು ಬಂದಿತು. ಬಹಳವೇನೂ ಅಲ್ಲ. ಫಲಿತಾಂಶ ತಿಳಿದ ದಿನ ಭಾವನವರು ಪೇಢೆ ತಂದರು. ಅಕ್ಕ ಮಾತ್ರ ಏನೂ ಹೇಳದೆ ಮಾಸ್ತರರ ಮನೆಗೆ ರೊಟ್ಟಿ ಕಟ್ಟಿದಳು. ಪರೀಕ್ಷೆ ಮುಗಿದಿದ್ದರೂ ರವಿವಾರದ ರೊಟ್ಟಿ ಇನ್ನೂ ನಿಂತಿಲ್ಲ.

ಯುಗಾದಿಯ ಮುಂಜಾನೆ ಅವ್ವ ಬಾಗಿಲಲ್ಲಿ ಹದಿನೈದು ಚುಕ್ಕೆಯ ದೊಡ್ಡ ರಂಗೋಲಿಗೆ ಕುಳಿತಿದ್ದಳು. ಹುಡುಗಿ ಪಕ್ಕದಲ್ಲಿ ಕುಕ್ಕರಿಸಿ, ಗೆರೆ ಎಣಿಸಿ, "ಅಜ್ಜಿ, ಇದು ಆ ಚುಕ್ಕಿಯಿಂದನ ಚಾಲೂ ಆಗಬೇಕು, ಇಲ್ಲಾಂದ್ರ ಕೂಡೂದಿಲ್ಲ" ಎಂದಳು. ಅವ್ವ ತಲೆ ಎತ್ತದೆ, "ನಾ ಅಲ್ಲಿಂದನ ಚಾಲೂ ಮಾಡೀನಿ, ನೋಡು" ಎಂದಳು.

ನರಸಿಂಗ್ ದೇವ್ ಅವರ ಪುಸ್ತಕವನ್ನು ಕೆಳಗಿನ ಮನೆಯ ಹುಡುಗ ಎರಡು ದಿನಕ್ಕೆಂದು ಕೇಳಿಕೊಂಡು ಹೋಗಿದ್ದಾನೆ. ಮೂರು ವಾರವಾಯಿತು.